ಪಕ್ಷಿಗಳಿಗೆ ಆಹಾರ: ಕೊಬ್ಬು, ಕಾಳು ಮತ್ತು ಶ್ರಾವಕನ ವಿವೇಕ



ಅಂಗಳಕ್ಕೆ ಬರುವ ಹಕ್ಕಿಗಳಿಗೆ ಹಿಡಿ ಕಾಳನ್ನು ಎರಚುವುದು ನಮ್ಮ ಮನೆತನಗಳಲ್ಲಿ ಹಿರಿಯರಿಂದ ನಡೆದುಬಂದ ರೂಢಿ. ದಿಲ್ಲಿಯ ಕೆಂಪು ಕೋಟೆಯ ಎದುರಿಗಿರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ರೋಗಗ್ರಸ್ತ ಪಕ್ಷಿಗಳಿಗಾಗಿಯೇ ಒಂದು ಆಸ್ಪತ್ರೆ ನಡೆಯುತ್ತಿರುವುದನ್ನು ಯಾತ್ರೆಗೆ ಹೋದವರು ಕಂಡಿರುತ್ತಾರೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ ದಯಾದತ್ತಿಯನ್ನೂ ಹೇಳಿದ್ದಾರೆ. ಪಕ್ಷಿಗೆ ಕೊಡುವ ಕಾಳು ಈ ದಯಾದತ್ತಿಗೆ ಸೇರಿದುದು. ಆದರೆ ದಯೆಯಿಂದ ಕೊಟ್ಟ ಮಾತ್ರಕ್ಕೆ ದಾನವು ನಿರ್ದೋಷವಾಗುವುದಿಲ್ಲ. ಏನನ್ನು, ಹೇಗೆ, ಎಷ್ಟು ಕೊಡಬೇಕೆಂಬ ವಿವೇಕವೂ ಜೊತೆಗಿರತಕ್ಕದ್ದು. ಈ ಸಲದ ಪಾಠ ಅದನ್ನು ಕುರಿತದ್ದು.

ಪ್ರಶ್ನೆ ಏಳುವ ಬಗೆ

ಇಂಗ್ಲೆಂಡಿನಂಥ ಶೀತದೇಶದಲ್ಲಿ ನೆಲೆಸಿರುವ ನಮ್ಮ ಮಕ್ಕಳು ನೆರೆಹೊರೆಯವರ ತೋಟಗಳಲ್ಲಿ ಒಂದು ವಿಶೇಷವನ್ನು ಕಾಣುತ್ತಾರೆ. ಚಳಿಗಾಲ ಬಂದೊಡನೆ ಅಲ್ಲಿಯವರು ಕಾಳು ಬೆರೆಸಿದ ಕೊಬ್ಬಿನ ಉಂಡೆಗಳನ್ನು ಮರದ ಕೊಂಬೆಗೆ ತೂಗುಹಾಕುತ್ತಾರೆ. ಪುಟ್ಟ ಹಕ್ಕಿಗಳು ಅವನ್ನು ಕುಕ್ಕಿ ತಿನ್ನುವುದನ್ನು ಕಂಡ ಮಗು, ನಾವೂ ತೂಗುಹಾಕೋಣವೆಂದು ತಾಯಿಯನ್ನು ಕೇಳುತ್ತದೆ. ಮಾಂಸತ್ಯಾಗವನ್ನು ಮೂಲಗುಣವಾಗಿ ಪಾಲಿಸುವ ತಾಯಿ ಏನು ಉತ್ತರ ಕೊಡಬೇಕು? ಬೇಡವೆಂದರೆ ಹಸಿದ ಹಕ್ಕಿಗೆ ನಿರ್ದಯೆ ತೋರಿದಂತೆ. ಆಗಲೆಂದರೆ ವ್ರತಕ್ಕೆ ಭಂಗ. ಇಕ್ಕಟ್ಟು ನಿಜವಾದದ್ದೇ.

ಕೊಬ್ಬು ಏತಕ್ಕೆ?

ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಗೂ ಕಡಿಮೆ. ಇರುಳು ೧೬ ಗಂಟೆಗೂ ಮಿಕ್ಕು. ಅಲ್ಲಿ ಸಾಮಾನ್ಯವಾಗಿ ಕಾಣುವ ಬ್ಲೂ ಟಿಟ್ ಎಂಬ ನೀಲಿ ನೆತ್ತಿಯ ಹಕ್ಕಿಯ ತೂಕ ಸುಮಾರು ೧೧ ಗ್ರಾಂ ಮಾತ್ರ. ಇಷ್ಟು ಕಿರಿದಾದ ದೇಹವು ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ಒಂದು ಚಳಿರಾತ್ರಿ ಕಳೆಯುವುದರೊಳಗೆ ಇಂಥ ಹಕ್ಕಿಯ ತೂಕದಲ್ಲಿ ಶೇಕಡಾ ೫ರಿಂದ ೧೦ರವರೆಗೆ ಇಳಿದುಹೋಗಬಲ್ಲುದು. ಹಗಲಿನಲ್ಲಿ ಕೂಡಿಸಿಕೊಂಡ ಕೊಬ್ಬೇ ಅದಕ್ಕೆ ಇರುಳಿನ ಉರುವಲು. ಒಂದು ಗ್ರಾಂ ಪಿಷ್ಟದಿಂದ ೪ ಕ್ಯಾಲೊರಿ ಶಕ್ತಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ ೯ ಕ್ಯಾಲೊರಿ ದೊರೆಯುತ್ತದೆ. ಆದುದರಿಂದ ಆ ನೆರೆಯವರ ಉದ್ದೇಶವನ್ನು ನಾವು ಹಗುರವಾಗಿ ಕಾಣಬಾರದು. ಅದೂ ಅನುಕಂಪೆಯೇ.

ಕೊಬ್ಬಿನ ಮೂಲ

ಆದರೆ ಆ ಉಂಡೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ದನ ಅಥವಾ ಕುರಿಯ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು. ಅದು ಕಸಾಯಿಖಾನೆಯಿಂದಲೇ ಬರುತ್ತದೆ. “ತಿನ್ನುವುದು ನಾವಲ್ಲವಲ್ಲ, ಹಕ್ಕಿಯಲ್ಲವೇ?” ಎಂದು ಕೆಲವರು ವಾದಿಸಬಹುದು. ಹಿಂಸೆಯು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾದುದನ್ನು ನಾವು ಓದಿದ್ದೇವೆ. ಹಣ ಕೊಟ್ಟು ಕೊಂಡವನು ಆ ವ್ಯಾಪಾರದಲ್ಲಿ ಪಾಲುಗಾರನಾಗುತ್ತಾನೆ. ಒಂದು ಜೀವವನ್ನು ಉಳಿಸಲು ಇನ್ನೊಂದರ ವಧೆಯನ್ನು ಕೊಳ್ಳುವುದು ದಯಾದತ್ತಿಯಲ್ಲ. ಅಂಗಡಿಗಳಲ್ಲಿ ಮಾರುವ ಒಣಗಿಸಿದ ಹುಳುಗಳಿಗೂ ಇದೇ ಮಾತು ಸಲ್ಲುತ್ತದೆ, ಅವು ತ್ರಸಜೀವಿಗಳು. ಪೊಟ್ಟಣದ ಮೇಲಿನ ಬರಹವನ್ನು ಓದದೆ ಏನನ್ನೂ ಕೊಳ್ಳಬಾರದು.

ಹಾಗಾದರೆ ಹಕ್ಕಿ ಹಸಿದಿರಬೇಕೇ? ಬೇಕಿಲ್ಲ. ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜದಲ್ಲಿಯೂ ಶೇಂಗಾದಲ್ಲಿಯೂ ಸುಮಾರು ಅರ್ಧಭಾಗ ಎಣ್ಣೆಯೇ ಇದೆ. ನಮ್ಮ ಹೊಲಗಳ ಹುಚ್ಚೆಳ್ಳು ಕಳೆಬೀಜ ಮೊಳೆಯದಂತೆ ಕಾಯಿಸಲ್ಪಟ್ಟು ಹೊರದೇಶಗಳಿಗೆ ಹೋಗುತ್ತದೆ. ಅಲ್ಲಿಯ ಗೋಲ್ಡ್‌ಫಿಂಚ್ ಹಕ್ಕಿಗಳು ಅದನ್ನು ಆಸೆಯಿಂದ ತಿನ್ನುತ್ತವೆ. ಹಸಿ ತೆಂಗಿನ ಹೋಳನ್ನು ಚಿಪ್ಪಿನ ಸಮೇತ ತೂಗುಹಾಕಬಹುದು. ಒಣ ಕೊಬ್ಬರಿತುರಿ ಮಾತ್ರ ಕೂಡದು. ಅದು ಹೊಟ್ಟೆಯಲ್ಲಿ ಉಬ್ಬುತ್ತದೆ. ದ್ರವರೂಪದ ಎಣ್ಣೆಯೂ ಬೇಡ. ಅದು ಗರಿಗಳಿಗೆ ಅಂಟಿದರೆ ಹಕ್ಕಿಯು ಚಳಿಯನ್ನೂ ಮಳೆಯನ್ನೂ ತಡೆಯಲಾರದು. ಉಪ್ಪು ಹಾಕಿದ ಕಾಳು, ಹಾಲು ಇವೂ ಹಾನಿಕರ.

ಪ್ರಮಾದದಿಂದಾಗುವ ಹಿಂಸೆ

ಪ್ರಮತ್ತಯೋಗದಿಂದ ಪ್ರಾಣಹಾನಿಯಾಗುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ತಿಳಿಸಿದ್ದಾರೆ. ಇದಕ್ಕೆ ಕಣ್ಣೆದುರಿನ ನಿದರ್ಶನವೊಂದಿದೆ. ೨೦೦೫ರಲ್ಲಿ ಬ್ರಿಟನ್ನಿನ ಫಿಂಚ್ ಜಾತಿಯ ಹಕ್ಕಿಗಳಲ್ಲಿ ಗಂಟಲನ್ನು ಹಿಡಿಯುವ ಒಂದು ಸೂಕ್ಷ್ಮಜೀವಿಯ ರೋಗವು ಕಾಣಿಸಿಕೊಂಡಿತು. ರೋಗಿಹಕ್ಕಿಯ ಎಂಜಲು ತಗಲಿದ ಕಾಳು ಮತ್ತು ನೀರಿನಿಂದ ಅದು ಹರಡುತ್ತದೆ. ಹಕ್ಕಿಗಳು ಒತ್ತೊತ್ತಾಗಿ ಸೇರುವ ಕಾಳಿನ ತಟ್ಟೆಗಳೇ ಅದಕ್ಕೆ ದಾರಿಯಾದವು. ಗ್ರೀನ್‌ಫಿಂಚ್ ಎಂಬ ಹಸಿರು ಹಕ್ಕಿಯ ಸಂಖ್ಯೆ ಕುಸಿದು, ೨೦೨೧ರಲ್ಲಿ ಅದು ಆ ದೇಶದ ಅಪಾಯದ ಕೆಂಪು ಪಟ್ಟಿಯನ್ನು ಸೇರಿತು. ಕೊಟ್ಟವರ ಮನಸ್ಸಿನಲ್ಲಿ ಕರುಣೆಯಿತ್ತು. ತೊಳೆಯದ ತಟ್ಟೆಯಲ್ಲಿ ಮೃತ್ಯುವಿತ್ತು.

ನಮ್ಮ ಮನೆಗಳಲ್ಲಿಯೂ ಇಂಥ ಪ್ರಮಾದಗಳುಂಟು. ಹುಳು ಬಿದ್ದ ಜೋಳವನ್ನೂ ಬೂಷ್ಟು ಹಿಡಿದ ಶೇಂಗಾವನ್ನೂ “ಹಕ್ಕಿಗಾದರೂ ಆಗಲಿ” ಎಂದು ಎರಚುತ್ತೇವೆ. ಹುಳುವಿನ ಕಾಳನ್ನು ಎರಚಿದರೆ ಹುಳುಗಳನ್ನೇ ಬಡಿಸಿದಂತಾಯಿತು. ಬೂಷ್ಟು ಹಿಡಿದ ಶೇಂಗಾದಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಹಕ್ಕಿಯ ಯಕೃತ್ತನ್ನು ಕೆಡಿಸುತ್ತದೆ. ನಮಗೆ ಅಭಕ್ಷ್ಯವಾದುದನ್ನು ದಾನವೆಂದು ಕರೆಯಲಾಗದು.

ನಮ್ಮ ನಾಡಿನಲ್ಲಿ

ಕರ್ನಾಟಕದ ಹಕ್ಕಿಗೆ ಕೊಬ್ಬಿನ ಉಂಡೆಯ ಅಗತ್ಯವೇ ಇಲ್ಲ. ಇಲ್ಲಿ ಬೇಸಿಗೆಯ ನೀರೇ ಮುಖ್ಯ. ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ಗಾಳಿಸಿದ ನೀರನ್ನು ನೆರಳಿನಲ್ಲಿಡಬೇಕು. ಪ್ರತಿದಿನವೂ ಬದಲಾಯಿಸಿದರೆ ಸೊಳ್ಳೆಯ ಮರಿಗಳು ಬೆಳೆಯಲು ಎಡೆಯಿರುವುದಿಲ್ಲ. ಗುಬ್ಬಚ್ಚಿ, ಬೆಳವಗಳಿಗೆ ನವಣೆ, ಸಜ್ಜೆ, ಅಕ್ಕಿನುಚ್ಚು ಸಾಕು.

ಗುಬ್ಬಚ್ಚಿಯು ಮರಿಗಳಿಗೆ ಹುಳುಗಳನ್ನು ಉಣಿಸುತ್ತದೆ, ಅಂಥದಕ್ಕೆ ಕಾಳು ಹಾಕಬಹುದೇ ಎಂಬ ಶಂಕೆ ಸಹಜ. ಪಾತ್ರದಾನದಲ್ಲಿ ಪಾತ್ರದ ಗುಣವನ್ನು ನೋಡಬೇಕು. ದಯಾದತ್ತಿಯಲ್ಲಿ ನೋಡಬೇಕಾದುದು ಹಸಿವನ್ನು. ಹಕ್ಕಿಯ ಸ್ವಭಾವದ ವಿಷಯದಲ್ಲಿ ಮಾಧ್ಯಸ್ಥವಿರಲಿ.

ಗಿಳಿಯನ್ನು ಪಂಜರದಲ್ಲಿಟ್ಟು ಹಣ್ಣು ತಿನ್ನಿಸುವುದು ದಾನವಲ್ಲ. ಬಂಧವು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದನ್ನು ನಿಷೇಧಿಸುತ್ತದೆ. ನಗರಗಳಲ್ಲಿ ಪಾರಿವಾಳಗಳಿಗೆ ಮೂಟೆಗಟ್ಟಲೆ ಕಾಳು ಸುರಿಯುವುದೂ ಯೋಚಿಸತಕ್ಕ ವಿಷಯ. ಒಣಗಿದ ಹಿಕ್ಕೆಯ ಧೂಳಿನಿಂದ ನೆರೆಯವರ ಶ್ವಾಸಕೋಶಕ್ಕೆ ರೋಗ ತಗಲಬಹುದು. ೨೦೨೫ರಲ್ಲಿ ಮುಂಬಯಿಯ ಕಬೂತರ್‌ಖಾನೆಗಳ ಬಗ್ಗೆ ಎದ್ದ ವಿವಾದದಲ್ಲಿ ಇದೇ ಮುಖ್ಯ ಪ್ರಶ್ನೆಯಾಗಿತ್ತು. ಮನುಷ್ಯನೂ ಜೀವಿಯೇ ಎಂಬುದನ್ನು ಮರೆಯಬಾರದು.

ಉಪವಾಸದ ದಿನ

ಅಷ್ಟಮಿ, ಚತುರ್ದಶಿಗಳಂದು ನಾವು ಅನಶನವನ್ನು ಕೈಗೊಳ್ಳುತ್ತೇವೆ. ಅರಿತು, ಸಂಕಲ್ಪಿಸಿ ಆಹಾರವನ್ನು ಬಿಡುವುದು ತಪಸ್ಸು. ಹಕ್ಕಿಯ ಚಳಿರಾತ್ರಿಯ ಹಸಿವಾದರೋ ಇಚ್ಛೆಯಿಲ್ಲದ ಹಸಿವು; ಹೀಗೆ ಪರವಶವಾಗಿ ಸಹಿಸುವುದರಿಂದಾಗುವುದನ್ನು ಶಾಸ್ತ್ರವು ಅಕಾಮನಿರ್ಜರೆಯೆನ್ನುತ್ತದೆ. ನಮ್ಮ ಉಪವಾಸವನ್ನು ಅದರ ಮೇಲೆ ಹೇರುವ ಅಧಿಕಾರ ನಮಗಿಲ್ಲ. ಕಾಡಿನ ಹಕ್ಕಿ ನಮ್ಮ ಆಶ್ರಿತವಲ್ಲ, ನಿಜ. ಆದರೆ ನಾವೇ ರೂಢಿ ಮಾಡಿಸಿ ಕೊರೆಯುವ ಚಳಿಯಲ್ಲಿ ಒಮ್ಮೆಲೇ ನಿಲ್ಲಿಸಿದರೆ, ಅನ್ನಪಾನನಿರೋಧವೆಂಬ ಅತಿಚಾರದ ನೆರಳು ನಮ್ಮ ಮೇಲೆ ಬೀಳುತ್ತದೆ. ಕಾಳಿಗೆ ಒಲೆಯ ಆರಂಭವೂ ಬೇಡ. ಹಿಂದಿನ ದಿನವೇ ಶೋಧಿಸಿಟ್ಟರೆ, ಪ್ರೋಷಧದಲ್ಲಿರುವವರ ಬದಲು ಮನೆಯ ಇನ್ನೊಬ್ಬರು ಇಡಬಹುದು. ಹೊಟ್ಟೆ ಬರಿದಾದ ದಿನವೇ ಇನ್ನೊಂದು ಜೀವದ ಹಸಿವು ನಮಗೆ ಚೆನ್ನಾಗಿ ತಿಳಿಯುತ್ತದೆ.

ಪಾಲಿಸತಕ್ಕ ನಿಯಮಗಳು

೧. ಕಾಳನ್ನು ಶೋಧಿಸಿ, ಒಂದು ದಿನಕ್ಕೆ ಮುಗಿಯುವಷ್ಟನ್ನೇ ಇಡಬೇಕು.
೨. ಸೂರ್ಯೋದಯದ ನಂತರ ಇಟ್ಟು, ಸೂರ್ಯಾಸ್ತದೊಳಗೆ ಉಳಿದುದನ್ನು ತೆಗೆಯಬೇಕು. ಇಲ್ಲವಾದರೆ ಇರುವೆ, ಇಲಿಗಳು ಸೇರುತ್ತವೆ.
೩. ತಟ್ಟೆಯನ್ನು ವಾರಕ್ಕೊಮ್ಮೆಯಾದರೂ ತೊಳೆದು ಒಣಗಿಸಿ, ಜಾಗವನ್ನು ಬದಲಿಸುತ್ತಿರಬೇಕು. ರೋಗಿಹಕ್ಕಿ ಕಂಡರೆ ಕೆಲವು ವಾರ ನಿಲ್ಲಿಸಬೇಕು.
೪. ಬೆಕ್ಕು ಅಡಗುವ ಪೊದೆಯಿಂದ ಎರಡು ಮೀಟರಿನಷ್ಟಾದರೂ ದೂರವಿಡಬೇಕು.
೫. ಮರಿಮಾಡುವ ಕಾಲದಲ್ಲಿ ಇಡೀ ಶೇಂಗಾ ಬೇಡ. ಮರಿಯ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಅಭ್ಯಾಸಕ್ಕೆ

ಪಾತ್ರದಾನಕ್ಕೂ ದಯಾದತ್ತಿಗೂ ಭೇದವೇನು? ಕೊಬ್ಬಿನ ಉಂಡೆಯನ್ನು ಕೊಂಡು ತೂಗುಹಾಕುವುದರಲ್ಲಿ ದೋಷವು ಎಲ್ಲಿ ಹುಟ್ಟುತ್ತದೆ? ತೊಳೆಯದ ತಟ್ಟೆಯು ಹೇಗೆ ಹಿಂಸೆಗೆ ಕಾರಣವಾಗುತ್ತದೆ? ಮನೆಯ ಮಕ್ಕಳೊಡನೆ ಕುಳಿತು ವಿಚಾರ ಮಾಡಿರಿ. ಮರುದಿನ ಬೆಳಿಗ್ಗೆ ಅವರ ಕೈಯಿಂದಲೇ ತಟ್ಟೆಯನ್ನು ತೊಳೆಯಿಸಿ, ಕಾಳನ್ನು ಇಡಿಸಿರಿ.