ಬಿಸಿನೀರಿನ ಸ್ನಾನ, ಫಿಟ್ಸ್ ಮತ್ತು ಮೆದುಳಿನ ಬ್ರೇಕು

ಜುಮಾ ದಿನ ಬೆಳಿಗ್ಗೆ. ಹಂಡೆಯ ನೀರು ಚೆನ್ನಾಗಿ ಕಾದಿದೆ. ಹುಡುಗ ತಲೆಯ ಮೇಲೆ ಬಿಡುವಿಲ್ಲದೆ ಚೊಂಬಿನಿಂದ ಸುರಿದುಕೊಳ್ಳುತ್ತಿದ್ದಾನೆ. ಇದ್ದಕ್ಕಿದ್ದಂತೆ ನೋಟ ಒಂದೇ ಕಡೆ ನಿಲ್ಲುತ್ತದೆ, ಅರ್ಥವಿಲ್ಲದ ಮಾತು ಬರುತ್ತದೆ. ಕೆಲವರು ಬಿದ್ದು ಕೈಕಾಲು ಸೆಳೆದುಕೊಳ್ಳುತ್ತಾರೆ. ಇನ್ನು ಕೆಲವರು ಬೇಡವೆಂದರೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಪಾವಗಡ, ಮಧುಗಿರಿ ಸೀಮೆಯಲ್ಲಾಗಲಿ, ಕ್ಯಾತಗಾನಚೆರ್ಲುವಿನಂಥ ಊರಲ್ಲಾಗಲಿ, ಇದನ್ನು ಕಂಡ ಮನೆಯವರು ಜಿನ್ನ್ ಅಥವಾ ನಜರ್ ಎಂದುಕೊಂಡು ತಾಯತ ಕಟ್ಟಿಸಿ ಸುಮ್ಮನಾದರೆ ಮಗುವಿಗೆ ನಷ್ಟ. ಇದು ಔಷಧಿಗೆ ಬಗ್ಗುವ ಕಾಯಿಲೆ.

ಇದರ ಹೆಸರು ಬಿಸಿನೀರಿನ ಅಪಸ್ಮಾರ. ಜಗತ್ತಿನಲ್ಲಿ ಅಪರೂಪವಾದರೂ ದಕ್ಷಿಣ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲೇ ಇದರ ಬಗ್ಗೆ ಬರೆದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಗಂಡುಮಕ್ಕಳಲ್ಲಿ ಇದು ಹೆಚ್ಚು.

ಇದಕ್ಕೆ ವೈದ್ಯರು ಹಲವು ಸಲ ಕೊಡುವ ಮಾತ್ರೆ ಕ್ಲೋಬಜಾಮ್. ಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಮಾತ್ರ ತೆಗೆದುಕೊಂಡರೆ ಅನೇಕರಿಗೆ ಸಾಕಾಗುತ್ತದೆ. ಆದರೆ "ಮಾತ್ರೆ ನುಂಗಿದರೆ ಮಗ ತೂಕಡಿಸುತ್ತಾನೆ, ನಡೆಯುವಾಗ ತೂರಾಡುತ್ತಾನೆ, ಓದಿದ್ದು ಮರೆಯುತ್ತಾನೆ" ಎಂದು ಅಮ್ಮಂದಿರು ಹೆದರಿ ನಿಲ್ಲಿಸಿಬಿಡುವುದುಂಟು. ಹೀಗೇಕೆ ಆಗುತ್ತದೆಂದು ತಿಳಿದರೆ ಹೆದರಿಕೆ ಕಡಿಮೆಯಾದೀತು.

ನಮ್ಮ ಮೆದುಳಿನಲ್ಲಿ ನರಕೋಶಗಳನ್ನು ಕೆರಳಿಸುವ ರಾಸಾಯನಿಕಗಳಿವೆ, ತಣಿಸುವವೂ ಇವೆ. ತಣಿಸುವುದರಲ್ಲಿ ಮುಖ್ಯವಾದದ್ದು ಗಾಬಾ. ಅದು ಬಂದು ಕೂರುವ ಬಾಗಿಲಿಗೆ ಗ್ರಾಹಕ ಎನ್ನುತ್ತಾರೆ. ಐದು ಪ್ರೋಟೀನ್ ತುಂಡುಗಳು ಸೇರಿ ಒಂದು ಬಾಗಿಲು. ಗಾಬಾ ತಾಗಿದರೆ ಅದು ತೆರೆದು ಕ್ಲೋರೈಡ್ ಒಳಗೆ ಹರಿಯುತ್ತದೆ, ಕೋಶ ಶಾಂತವಾಗುತ್ತದೆ. ಈ ತುಂಡುಗಳಲ್ಲಿ ಆಲ್ಫಾ ಎಂಬುದರಲ್ಲೇ ಆರು ಬಗೆ, ಮತ್ತು ಎಲ್ಲ ಬಗೆಯೂ ಎಲ್ಲ ಕಡೆ ಇಲ್ಲ. ಆಲ್ಫಾ-1 ಮೆದುಳಿನ ಹೊರಪದರ, ಥಲಾಮಸ್, ಕಿರುಮೆದುಳಿನಲ್ಲಿ ಧಾರಾಳ. ಆಲ್ಫಾ-2 ಭಯ ಹುಟ್ಟುವ ಅಮಿಗ್ಡಲದಲ್ಲಿ ಮತ್ತು ನೆನಪಿನ ಜಾಗವಾದ ಹಿಪೊಕ್ಯಾಂಪಸ್‌ನಲ್ಲಿ. ಆಲ್ಫಾ-5 ಹೆಚ್ಚಾಗಿ ಹಿಪೊಕ್ಯಾಂಪಸ್‌ನಲ್ಲೇ. ಆಲ್ಫಾ-6 ಬಹುಪಾಲು ಕಿರುಮೆದುಳಿಗೆ ಸೀಮಿತ, ಅದಕ್ಕೆ ಈ ಜಾತಿಯ ಮಾತ್ರೆ ತಾಗುವುದೇ ಇಲ್ಲ. ಬೆನ್ನುಹುರಿಗೆ ಇಳಿದರೆ ಗ್ಲೈಸಿನ್ ಎಂಬ ಇನ್ನೊಂದು ಬ್ರೇಕು ಮುಖ್ಯವಾಗುತ್ತದೆ. ಕಾಸರಕದ ಬೀಜದ ವಿಷ ಸ್ಟ್ರಿಕ್ನೀನ್ ಅದನ್ನೇ ಮುಚ್ಚಿ ಮೈಯೆಲ್ಲ ಸೆಟೆಯುವಂತೆ ಮಾಡುತ್ತದೆ.

ಮಾತ್ರೆಗೆ ಫಿಟ್ಸ್ ಹುಟ್ಟುವ ಜಾಗವೊಂದೇ ಗೊತ್ತಿರುವುದಿಲ್ಲ. ಹೊಂದುವ ಬಾಗಿಲು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕೂರುತ್ತದೆ. ಕಿರುಮೆದುಳು ತಣಿದಾಗ ತೂರಾಟ, ಹಿಪೊಕ್ಯಾಂಪಸ್ ತಣಿದಾಗ ಮರೆವು. ಇದೇ ಜಾತಿಯ ಡಯಾಜೆಪಾಮ್‌ನಿಂದ ಬರುವ ಮಂಪರು ಆಲ್ಫಾ-1ರ ಮೂಲಕ ಎಂದು ಜ್ಯೂರಿಚ್‌ನ ವಿಜ್ಞಾನಿಗಳು 1999ರಲ್ಲಿ ಇಲಿಗಳಲ್ಲಿ ತೋರಿಸಿದರು. ತೊಂದರೆ ಜಾಸ್ತಿಯಾದರೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೇ ಬೇರೆ ಮಾತ್ರೆ ಕೊಡುತ್ತಾರೆ. ದಿನವೂ ನುಂಗುವವರು ತಾವಾಗಿ ಥಟ್ಟನೆ ನಿಲ್ಲಿಸಿದರೆ ಬ್ರೇಕು ಒಮ್ಮೆಲೇ ಸಡಿಲವಾಗಿ ಫಿಟ್ಸ್ ಜೋರಾಗಿ ಮರಳಬಹುದು.

ಮನೆಯಲ್ಲಿ ಮಾಡಬೇಕಾದದ್ದು ಸುಲಭ. ಗುಸ್ಲ್‌ಗೆ ನೀರು ಬಿಸಿಯೇ ಇರಬೇಕೆಂದೇನಿಲ್ಲ, ಉಗುರುಬೆಚ್ಚಗಿದ್ದರೆ ಸಾಕು. ಮೊದಲು ಮೈಗೆ ಹಾಕಿಕೊಂಡು ತಲೆಗೆ ನಿಧಾನವಾಗಿ ಸುರಿಯಲಿ. ಕೂತು ಸ್ನಾನ ಮಾಡಲಿ, ಬಚ್ಚಲಿಗೆ ಚಿಲಕ ಬೇಡ, ಕುದಿಯುವ ಹಂಡೆ ದೂರವಿರಲಿ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. ಕೈಗೆ ಬೀಗದಕೈ ಕೊಡುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ದಿನವೂ ಮಾತ್ರೆ ಇರುವವರು ರಮಝಾನ್‌ಗೆ ಮುಂಚೆಯೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಸಹರಿ ಮತ್ತು ಇಫ್ತಾರ್‌ಗೆ ಮಾತ್ರೆ ಹೊಂದಿಸಬಹುದೇ ಎಂದು ಕೇಳಿಕೊಳ್ಳಿ.