ತೋಟದ ಆಮೆ, ಮನೆಯ ಬೆಕ್ಕು, 48 ಗಂಟೆ

ಮಳೆ ಹಿಡಿದರೆ ಸಕಲೇಶಪುರ, ಆಲೂರಿನ ಕಡೆ ಗದ್ದೆಯಂಚಿನಲ್ಲೋ ಕೆರೆಕೋಡಿಯಲ್ಲೋ ತೋಟದ ರಸ್ತೆಯಲ್ಲೋ ಆಮೆ ಕಾಣಿಸುವುದು ಹೊಸತಲ್ಲ. ಮಕ್ಕಳು ಎತ್ತಿ ತಂದು ಬಕೆಟ್ಟಿಗೆ ಬಿಡುತ್ತಾರೆ. ಮನೆಗೆ ಒಳ್ಳೆಯದಾಗುತ್ತದೆ ಎಂದು ದೊಡ್ಡವರೂ ಸುಮ್ಮನಾಗುತ್ತಾರೆ. ಎರಡು ದಿನ ಕಳೆಯುವಷ್ಟರಲ್ಲಿ ಬೆಕ್ಕು ಬಕೆಟ್ಟಿಗೆ ಕೈ ಹಾಕುತ್ತಿರುತ್ತದೆ, ನಾಯಿ ಚಿಪ್ಪು ಕಡಿಯಲು ನೋಡುತ್ತಿರುತ್ತದೆ. ಇವುಗಳಿಂದ ಆಮೆಯನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆ ಆಗ ಏಳುತ್ತದೆ. ಅದಕ್ಕೆ ಉತ್ತರವಿದೆ. ಆದರೆ ಅದಕ್ಕೂ ಮೊದಲು, ಆ ಆಮೆ ನಿಮ್ಮ ಮನೆಯಲ್ಲಿ ಇರಬಹುದೇ ಎಂಬುದು ಇತ್ಯರ್ಥವಾಗಬೇಕು.

ಇರಬಾರದು. ನಮ್ಮ ಕೆರೆ, ಹೊಳೆ, ಕಾಡಿನ ಆಮೆ ವನ್ಯಜೀವಿ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು ನಾಲ್ಕನೇ ಅನುಸೂಚಿಯಲ್ಲಿದ್ದ ನಕ್ಷತ್ರ ಆಮೆ ಈಗ ಒಂದನೆಯದರಲ್ಲಿದೆ. ಕೆಸರು ಗದ್ದೆಗಳಲ್ಲಿ ಸಿಗುವ, ಅಂಚು ಮೆತ್ತಗಿರುವ ಚಿಪ್ಪಿನ ಆಮೆಯೂ ಅಲ್ಲೇ ಇದೆ. ಈ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಸಾಕಲೆಂದು ಹಿಡಿದೆ, ಸಾರಿಗೆಂದು ಹಿಡಿಯಲಿಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಹಿಡಿಯುವುದು, ಬಲೆ ಒಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಮೊಟ್ಟೆ ಹಾಳುಮಾಡುವುದು ಎಲ್ಲವನ್ನೂ ಕಾಯ್ದೆ ಬೇಟೆಯೆಂದೇ ಎಣಿಸುತ್ತದೆ. ನಾಯಿ ಛೂಬಿಟ್ಟು ಹಿಡಿಸಿದವನಿಗೂ ಬೇರೆ ನ್ಯಾಯವಿಲ್ಲ.

ಹಾಗಾದರೆ ಮಗು ಈಗಾಗಲೇ ತಂದುಬಿಟ್ಟಿದ್ದರೆ? ನಾಯಿಯ ಬಾಯಿಂದ ಬಿಡಿಸಿಕೊಂಡ ಆಮೆ ಜಗಲಿಯ ಮೇಲಿದ್ದರೆ? ಗಾಬರಿಬಿದ್ದು ರಾತ್ರೋರಾತ್ರಿ ಹೇಮಾವತಿಗೆ ಎಸೆದು ಬರಬೇಕಿಲ್ಲ. ಕಾಯ್ದೆಯ 39ನೇ ಕಲಂ ಪ್ರಕಾರ, ಸರ್ಕಾರದ ಸ್ವತ್ತಾದ ವನ್ಯಜೀವಿ ಯಾವ ರೀತಿಯಲ್ಲೇ ಕೈಗೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅರಣ್ಯಾಧಿಕಾರಿಗೆ ತಿಳಿಸಿ, ಕೇಳಿದರೆ ಒಪ್ಪಿಸಬೇಕು. ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಆನೆ ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಆಮೆಗೂ ಅದೇ ಇಲಾಖೆ ಎಂಬುದು ಮಾತ್ರ ಹೊಳೆಯುವುದಿಲ್ಲ. ಬಾಯಿಮಾತಿಗೆ ನಿಲ್ಲಿಸಬೇಡಿ. ಎಲ್ಲಿ, ಯಾವಾಗ, ಯಾವ ಸ್ಥಿತಿಯಲ್ಲಿ ಸಿಕ್ಕಿತೆಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ. ನಾಳೆ ಯಾರಾದರೂ ದೂರು ಕೊಟ್ಟರೆ ನಿಮ್ಮನ್ನು ಕಾಯುವುದು ಆ ಹಾಳೆ.

ಬೆಕ್ಕು ನಾಯಿಯ ಪ್ರಶ್ನೆ ನಿಜವಾಗಿ ಬರುವುದು ಇಲಾಖೆಯವರು ಬರುವವರೆಗಿನ ಆ ಕೆಲವು ಗಂಟೆಗಳಲ್ಲಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆ ಅಥವಾ ಮುಚ್ಚಳಕ್ಕೆ ತೂತಿರುವ ಡಬ್ಬ, ಒಳಗೆ ಒದ್ದೆ ಬಟ್ಟೆ, ಬಾಗಿಲು ಹಾಕಿದ ಕೋಣೆ ಇಷ್ಟು ಸಾಕು. ತುಂಬಿದ ಬಕೆಟ್ಟಿಗೆ ಹಾಕಬೇಡಿ, ಸುಸ್ತಾದ ಆಮೆ ನೀರಲ್ಲೇ ಸಾಯಬಹುದು. ಬೆಕ್ಕು ಗೀರಿದ್ದು ಸಣ್ಣ ಗಾಯವೆಂದು ಬಿಡುವಂತಿಲ್ಲ. ಅದರ ಬಾಯಿ, ಉಗುರಿನ ರೋಗಾಣುಗಳಿಂದ ಕೀವಾಗುತ್ತದೆ. ಚಿಪ್ಪು ಬರೀ ಹೊರಗವಚವಲ್ಲ, ಬೆನ್ನೆಲುಬು ಪಕ್ಕೆಲುಬು ಬೆಸೆದುಕೊಂಡ ಜೀವಂತ ಮೂಳೆ. ಬಿರುಕು ಬಿಟ್ಟಿದ್ದರೆ ಶುಭ್ರ ಬಟ್ಟೆ ಮುಚ್ಚಿ, ಫೋನಿನಲ್ಲೇ ಅದನ್ನು ಹೇಳಿ ಪಶುವೈದ್ಯರ ವ್ಯವಸ್ಥೆ ಕೇಳಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆಮೆಗಳಿಂದ ಸಾಲ್ಮೊನೆಲ್ಲಾ ಹರಡುತ್ತದೆ. ನಾಯಿ ಕೊಂದೇ ಹಾಕಿದ್ದರೂ ತಿಳಿಸಬೇಕು. ಚಿಪ್ಪನ್ನು ಗೋಡೆಗೆ ತೂಗುಹಾಕಿಕೊಂಡರೆ ಅದೂ ಪ್ರಕರಣವೇ. ಅಜ್ಜನ ಕಾಲದ ವಸ್ತುಗಳೂ ತೊಡಕು ತರುತ್ತವೆಂದು 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪ್ರಕರಣಗಳು ಸುದ್ದಿಯಾದಾಗ ಮಲೆನಾಡಿನ ಎಷ್ಟೋ ಮನೆಗಳಿಗೆ ಅರಿವಾಯಿತು.

ವಿದೇಶಿ ಆಮೆಗಳ ದಾರಿ ಬೇರೆ. ಆಫ್ರಿಕಾದ ಸುಲ್ಕಾಟದಂಥ, ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದ್ದು ನಮ್ಮ ಕಾಯ್ದೆಯ ನಾಲ್ಕನೇ ಅನುಸೂಚಿಗೆ ಬಂದಿರುವ ಪ್ರಾಣಿಗಳನ್ನು ಸಾಕುವವರು 2024ರ ಫೆಬ್ರವರಿಯ ನಿಯಮಗಳಂತೆ ಪರಿವೇಶ್ 2.0 ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಹೊಸದಾಗಿ ಕೊಂಡವರಿಗೆ 30 ದಿನದ ಗಡುವು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಮಾರುವವನ ಬಾಯಿಮಾತನ್ನು ನಂಬಬೇಡಿ, ರಸೀದಿ, ನೋಂದಣಿ ಪತ್ರ ಕೇಳಿ. ಕಾಗದ ಸರಿಯಿದ್ದ ಮೇಲೆ ಗೂಡಿಗೆ ಗಟ್ಟಿ ಜಾಲರಿ, ಮೇಲೆ ಮುಚ್ಚಳ, ನೆಲದೊಳಗೆ ಒಂದಡಿ ಇಳಿದ ಅಂಚು ಬೇಕು; ನಾಯಿಯೆದುರು ಒಂಟಿಯಾಗಿ ಬಿಡಲೇಬಾರದು. ನನ್ನನ್ನು ಕೇಳಿದರೆ, ಮರಳುಗಾಡಿನ ಅಂಚಿನ ಆ ಪ್ರಾಣಿಯನ್ನು ತಿಂಗಳುಗಟ್ಟಲೆ ಜಡಿಮಳೆ ಹೊಯ್ಯುವ ಸಕಲೇಶಪುರಕ್ಕೆ ತರುವುದೇ ತಪ್ಪು. ನೆಗಡಿ, ಶ್ವಾಸಕೋಶದ ತೊಂದರೆ ಅದನ್ನು ಬಿಡದು. ಸಾಕಾಗಿಹೋಯಿತೆಂದು ಕೆರೆಗೆ ಬಿಡುವುದು ಇನ್ನೂ ಕೆಟ್ಟದ್ದು.

ಅರಣ್ಯ ಸಿಬ್ಬಂದಿ ಮನೆ ಬಾಗಿಲಿಗೆ ಬಂದರೆ ನಿಮಗೂ ಹಕ್ಕುಗಳಿವೆ. 50ನೇ ಕಲಂ ಅವರಿಗೆ ಶೋಧನೆ, ಜಪ್ತಿಯ ಅಧಿಕಾರ ಕೊಟ್ಟಿದೆ, ಅಡ್ಡಿಪಡಿಸಬೇಡಿ. ಮಹಜರನ್ನು ಓದಿಸಿ ಕೇಳಿ, ಪ್ರತಿ ಕೇಳಿ. ಬಂಧಿಸಿದರೆ ಕಾರಣ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಈ ಕಾಯ್ದೆಯಡಿ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅವರಿಗಿಂತ ಮೇಲಿನವರು ಆರೋಪಿಯ ಸಮ್ಮುಖದಲ್ಲಿ ದಾಖಲಿಸಿಕೊಂಡ ಸಾಕ್ಷ್ಯವನ್ನು ಮುಂದೆ ನ್ಯಾಯಾಲಯದಲ್ಲಿ ಬಳಸಬಹುದು. ಹಾಗಾಗಿ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ತೋಟದ ಲೈನುಗಳಲ್ಲಿರುವ, ಕನ್ನಡ ಓದಲು ಬಾರದ ಕಾರ್ಮಿಕರಿಗೆ ಇದನ್ನು ಮಾಲೀಕರೇ ತಿಳಿಹೇಳುವುದು ಒಳ್ಳೆಯದು. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಕರೆಯನ್ನೂ ಮಾಡಬಹುದು.

ಯಾರೋ ಆಮೆ ಮಾರುತ್ತಿರುವುದು ನಿಮಗೆ ಗೊತ್ತಿದ್ದು, ದೂರು ಕೊಟ್ಟರೂ ಇಲಾಖೆ ಕದಲದಿದ್ದರೆ 55ನೇ ಕಲಂ ನೋಡಿ. ಅಪರಾಧದ ವಿವರ ಮತ್ತು ದೂರು ಹೂಡುವ ನಿಮ್ಮ ಉದ್ದೇಶವನ್ನು ತಿಳಿಸುವ ಲಿಖಿತ ನೋಟಿಸನ್ನು ನಿಗದಿತ ಕ್ರಮದಲ್ಲಿ ಕೊಟ್ಟು, 60 ದಿನ ಕಳೆದ ಮೇಲೆ ಯಾವ ನಾಗರಿಕನಾದರೂ ನೇರವಾಗಿ ನ್ಯಾಯಾಲಯದಲ್ಲಿ ದೂರು ದಾಖಲಿಸಬಹುದು.