ವೇಗ ಹೆಚ್ಚಿದಾಗ ನಿಂತುಬಿಡುವ ಸ್ಟೆಪ್ಪರ್ ಮೋಟಾರು

ಭೋಸರಿ, ಪಿಂಪ್ರಿ, ಚಾಕಣಗಳ ಕಡೆ ದುಡಿಯುವ ನಮ್ಮವರಲ್ಲಿ ಕೆಲವರು ಸಣ್ಣ ಕೆತ್ತನೆ ಯಂತ್ರ, ಲೇಬಲ್ ಅಂಟಿಸುವ ಯಂತ್ರ ಮೊದಲಾದವುಗಳನ್ನು ನಡೆಸಬೇಕಾಗುತ್ತದೆ. ಇಂಥ ಯಂತ್ರಗಳಲ್ಲಿ ಅನೇಕವೇಳೆ ಸ್ಟೆಪ್ಪರ್ ಮೋಟಾರು ಇರುತ್ತದೆ. ಮೆಲ್ಲಗೆ ಓಡುವಾಗ ಬಲವಾಗಿ ಎಳೆಯುವ ಈ ಮೋಟಾರು, ವೇಗ ಏರಿಸಿದೊಡನೆ ಗೊರಗುಟ್ಟಿ ನಿಂತುಬಿಡುವುದುಂಟು. ಸಾಮಾನ್ಯ ಕಂಟ್ರೋಲರಿಗೆ ಇದರ ಸುಳಿವೇ ಸಿಗುವುದಿಲ್ಲ. ಮೋಟಾರು ತಿರುಗಿತೆಂದೇ ಎಣಿಸಿ ಅದು ಮುಂದೆ ಸಾಗುತ್ತದೆ. ಜಾಬ್ ಕೆಡುತ್ತದೆ, ದೂರು ಯಂತ್ರ ನಡೆಸುವವನ ಮೇಲೆ ಬರುತ್ತದೆ. ಆದುದರಿಂದ ಇದರ ಕಾರಣವನ್ನು ತಿಳಿದಿರುವುದು ಲೇಸು.

ಸಾಮಾನ್ಯವಾಗಿ ಈ ಮೋಟಾರು ಹೆಜ್ಜೆಗೆ ೧.೮ ಡಿಗ್ರಿ ತಿರುಗುತ್ತದೆ. ಸುತ್ತಿಗೆ ೨೦೦ ಹೆಜ್ಜೆ. ಪ್ರತಿ ಹೆಜ್ಜೆಗೂ ಒಳಗಿನ ಸುರುಳಿಗಳಲ್ಲಿ ಕರೆಂಟು ಬದಲಾಗಬೇಕು. ಆದರೆ ನಲ್ಲಿ ತೆರೆದೊಡನೆ ಕೊಡ ತುಂಬದು. ಹಾಗೆಯೇ ಸುರುಳಿಯಲ್ಲಿ ಕರೆಂಟು ಒಮ್ಮೆಗೇ ಏರದು. ಇಂಡಕ್ಟನ್ಸ್ ಎಂಬ ಗುಣ ಅದನ್ನು ತಡೆಯುತ್ತದೆ.

ಒಂದು ಲೆಕ್ಕ ನೋಡೋಣ. ಸುರುಳಿಯ ಇಂಡಕ್ಟನ್ಸ್ ೪ ಮಿಲಿಹೆನ್ರಿ, ಬೇಕಾದ ಕರೆಂಟು ೩ ಆಂಪಿಯರ್, ಸಪ್ಲೈ ೨೪ ವೋಲ್ಟ್ ಇರಲಿ. ರೋಧವನ್ನು ಬಿಟ್ಟು ಎಣಿಸಿದರೆ ಕರೆಂಟು ಪೂರ್ತಿ ಏರಲು ಸೆಕೆಂಡಿನ ೨೦೦೦ದಲ್ಲಿ ಒಂದು ಪಾಲು ಹಿಡಿಯುತ್ತದೆ. ನಿಮಿಷಕ್ಕೆ ೬೦೦ ಸುತ್ತಿನ ವೇಗದಲ್ಲಿ ಸೆಕೆಂಡಿಗೆ ೨೦೦೦ ಹೆಜ್ಜೆ. ಅಂದರೆ ಹೆಜ್ಜೆಯ ಕಾಲವೆಲ್ಲ ಕರೆಂಟು ಏರುವುದರಲ್ಲೇ ಮುಗಿಯಿತು! ಸಾಲದುದಕ್ಕೆ, ತಿರುಗುವ ಮೋಟಾರು ಡೈನಮೋದಂತೆ ಎದುರು ವೋಲ್ಟೇಜನ್ನೂ ಹುಟ್ಟಿಸುತ್ತದೆ. ಬಲ ಕುಗ್ಗುವುದು ಹೀಗೆ. ಸಪ್ಲೈ ೪೮ ವೋಲ್ಟ್ ಆದರೆ ಏರುವ ಕಾಲ ಅರ್ಧಕ್ಕಿಳಿಯುತ್ತದೆ.

ಇನ್ನು ಪರೀಕ್ಷೆಯ ಕ್ರಮ:

೧. ವಿದ್ಯುತ್ ಪೂರ್ತಿ ಆರಿಸಿ, ಸ್ಕ್ರೂವನ್ನು ಕೈಯಿಂದ ತಿರುಗಿಸಿ ನೋಡಿರಿ. ಎಲ್ಲಿಯಾದರೂ ಬಿಗಿಯುವುದೇ? ಗೈಡಿನಲ್ಲಿ ಚೂರು ಸಿಕ್ಕಿದೆಯೇ? ಕಪ್ಲಿಂಗ್ ಸಡಿಲವೇ?

೨. ಹೊರಡುವಾಗಲೇ ನಿಂತರೆ, ವೇಗವನ್ನು ಹಿಂದಿಗಿಂತ ನಿಧಾನವಾಗಿ ಏರಿಸಿರಿ. ಯಾವುದೋ ಒಂದು ನಡುವಣ ವೇಗದಲ್ಲಿ ಮಾತ್ರ ಅದುರಿ ತಪ್ಪಿದರೆ ಅದು ಅನುರಣನ. ಮೈಕ್ರೋಸ್ಟೆಪ್ಪಿಂಗ್‌ನಿಂದ ಸಾಮಾನ್ಯವಾಗಿ ತಗ್ಗುತ್ತದೆ.

೩. ಡ್ರೈವರಿನ ಕರೆಂಟು ಸ್ವಿಚ್ಚುಗಳು ಮೋಟಾರಿನ ಪಟ್ಟಿಯ ಮೇಲಿನ ಅಂಕಿಗೆ ಹೊಂದಿವೆಯೇ ನೋಡಿರಿ.

೪. ಮೋಟಾರು ಓಡುವಾಗ ಡ್ರೈವರಿಗೆ ಬರುವ ವೋಲ್ಟೇಜನ್ನು ಅಳೆಯಿರಿ. ಅದು ಕುಸಿದರೆ ಸಪ್ಲೈ ಸಾಲದು, ಇಲ್ಲವೆ ತಂತಿ ತೆಳುವು. ಪಟ್ಟಿಯ ಮೇಲೆ ೩ ವೋಲ್ಟ್ ಎಂದಿದ್ದರೆ ಹೆದರಬೇಕಾಗಿಲ್ಲ; ಕರೆಂಟನ್ನು ತಾನೇ ಮಿತಿಯಲ್ಲಿಡುವ ಡ್ರೈವರ್ ಇದ್ದಲ್ಲಿ ಹೆಚ್ಚಿನ ವೋಲ್ಟೇಜ್ ಸಲ್ಲುತ್ತದೆ. ಆದರೆ ಡ್ರೈವರಿನ ಮಿತಿಯನ್ನು ಮೀರಕೂಡದು.

೫. ಎಂಟು ತಂತಿಯ ಮೋಟಾರಾದರೆ, ಸರಣಿಯ ಬದಲು ಸಮಾನಾಂತರ ಜೋಡಣೆಯಿಂದ ಇಂಡಕ್ಟನ್ಸ್ ಕಾಲುಭಾಗಕ್ಕಿಳಿಯುತ್ತದೆ. ಅದಕ್ಕೆ ಕರೆಂಟು ಹೆಚ್ಚು ಬೇಕು. ಡ್ರೈವರ್ ಅದನ್ನು ಕೊಡಬಲ್ಲುದೇ ಎಂದು ಮೊದಲು ನೋಡಬೇಕು.

ಇಷ್ಟನ್ನೂ ನೋಡದೆ ದೊಡ್ಡ ಮೋಟಾರು ತರಿಸುವುದು ವ್ಯರ್ಥ ಖರ್ಚಾಗಬಹುದು. ದೊಡ್ಡದಕ್ಕೆ ಇಂಡಕ್ಟನ್ಸೂ ಹೆಚ್ಚಾಗಿದ್ದರೆ, ಅದು ಇನ್ನೂ ಕಡಿಮೆ ವೇಗದಲ್ಲೇ ನಿಂತೀತು.

ಒಂದು ಎಚ್ಚರಿಕೆ: ಡ್ರೈವರ್ ಚಾಲೂ ಇರುವಾಗ ಮೋಟಾರಿನ ತಂತಿಯನ್ನು ಎಂದೂ ಕಳಚಬೇಡಿರಿ, ಡ್ರೈವರ್ ಸುಟ್ಟುಹೋಗಬಹುದು. ತಂತಿ ಬದಲಿಸುವ ಕೆಲಸ ಬಲ್ಲ ಎಲೆಕ್ಟ್ರೀಷಿಯನ್‌ಗೆ ಬಿಡುವುದು ಉತ್ತಮ.

ಮೋಟಾರು ನಿಂತ ವೇಗ, ಅಳೆದ ವೋಲ್ಟೇಜ್, ಕರೆಂಟಿನ ಸೆಟ್ಟಿಂಗ್ ಈ ಮೂರನ್ನೂ ಚೀಟಿಯಲ್ಲಿ ಬರೆದು ಮೇಲ್ವಿಚಾರಕರಿಗೆ ತೋರಿಸಿರಿ. "ನನ್ನ ತಪ್ಪಲ್ಲ" ಎಂಬ ಮಾತಿಗಿಂತ ಆ ಮೂರು ಅಂಕಿಗಳಿಗೆ ಬೆಲೆ ಹೆಚ್ಚು.